ಸೀನರಿ ಬರೆದವರು ಯಾರು?



ಮೊದಲು ಒಂದು ಸಣ್ಣ ಕೆಲಸ. ಕಣ್ಣು ಮುಚ್ಚಿ (ಗಾಡಿ ಓಡಿಸ್ತಾ ಕೇಳ್ತಿದ್ರೆ ಬೇಡ, ದಯವಿಟ್ಟು!) ನಿಮ್ಮ ಮೂರನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕ ನೆನಪು ಮಾಡ್ಕೊಳ್ಳಿ. ಟೀಚರ್ "ಸೀನರಿ ಬರೀರಿ" ಅಂದ್ರೆ ನಾವೆಲ್ಲ ಏನು ಬರೀತಿದ್ವಿ? ಎರಡು ತ್ರಿಕೋನದ ಬೆಟ್ಟ. ಮಧ್ಯೆ ಅರ್ಧ ಸೂರ್ಯ. ಬೆಟ್ಟದಿಂದ ಇಳಿದು ಬರೋ ನದಿ. ಪಕ್ಕದಲ್ಲಿ ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನಾನು ಬೆಳೆದದ್ದು ದಾವಣಗೆರೆ ಕಡೆ ಬಯಲಲ್ಲಿ. ಅಂಥ ಬೆಟ್ಟ ನಮ್ಮ ಊರಿನ ಸುತ್ತ ಎಲ್ಲೂ ಇಲ್ಲ. ಆದರೂ ಪ್ರತಿ ಸಲ ಅದನ್ನೇ ಬರೀತಿದ್ದೆ. ಸೀನರಿ ಅಂದ್ರೆ ಹೀಗೇ ಇರಬೇಕು ಅಂತ ಯಾರೋ ನಮ್ಮ ತಲೆಯಲ್ಲಿ ಅಚ್ಚು ಒತ್ತಿಬಿಟ್ಟಿದ್ರು.

ಇವತ್ತಿನ ಕಥೆ ಇಂಥ ಅಚ್ಚಿನದ್ದೇ. ಸುಮಾರು 160 ವರ್ಷದ ಹಿಂದೆ ಅಮೆರಿಕದ ಸಾಮಾನ್ಯ ಜನರ ಮನೆ ಗೋಡೆ ಮೇಲೆ ಕೆಲವು ಸೀನರಿಗಳು ನೇತಾಡ್ತಿದ್ವು. ಹಿಮ ಬಿದ್ದ ಹೊಲದ ಮನೆ. ರಾತ್ರಿ ಹೊತ್ತು ಮಿಸಿಸಿಪಿ ನದಿಯಲ್ಲಿ ಹೊಗೆ ಉಗುಳುತ್ತಾ ರೇಸ್ ಬಿದ್ದ ಸ್ಟೀಮರ್‌ಗಳು. ರಾಕಿ ಪರ್ವತದ ಕೆಳಗೆ ಸಾಲಾಗಿ ಹೊರಟ ಬಂಡಿಗಳು. "ನಮ್ಮ ದೇಶ ಅಂದ್ರೆ ಹೀಗಿದೆ" ಅಂತ ಆ ಜನ ಅಂದುಕೊಂಡಿದ್ದು ಇಂಥ ಚಿತ್ರ ನೋಡಿ. ಅವುಗಳಲ್ಲಿ ತುಂಬಾ ಜನಪ್ರಿಯವಾದ ಕೆಲವನ್ನ ಬರೆದದ್ದು ಒಬ್ಬ ಹೆಂಗಸು. ಇಂಗ್ಲೆಂಡಿನಿಂದ ವಲಸೆ ಬಂದವರು, ಎರಡು ಮಕ್ಕಳ ತಾಯಿ. ರಾಕಿ ಪರ್ವತವನ್ನ ಆಕೆ ಜೀವನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಚಿತ್ರದ ಮೇಲೆ ದೊಡ್ಡದಾಗಿ ಇದ್ದದ್ದು ಕಂಪನಿ ಹೆಸರು. ಆಕೆಯ ಹೆಸರು, ಇದ್ದರೆ, ಕೆಳಗೆ ಇರುವೆ ಗಾತ್ರದಲ್ಲಿ: ಎಫ್. ಎಫ್. ಪಾಮರ್.

ಪೂರ್ತಿ ಹೆಸರು ಫ್ರಾನ್ಸೆಸ್ ಫ್ಲೋರಾ ಬಾಂಡ್ ಪಾಮರ್. ಎಲ್ಲರೂ ಕರೀತಿದ್ದದ್ದು ಫ್ಯಾನಿ ಅಂತ.

ಲೆಸ್ಟರ್‌ನಿಂದ ನ್ಯೂಯಾರ್ಕ್‌ಗೆ

ಫ್ಯಾನಿ ಹುಟ್ಟಿದ್ದು 1812ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ. ಅಪ್ಪ ವಕೀಲರು. ಅನುಕೂಲಸ್ಥ ಮನೆ. ಹುಡುಗಿಯನ್ನ ಓದಿಸಿದ್ದು ಮೇರಿ ಲಿನ್‌ವುಡ್ ಅನ್ನೋರ ಶಾಲೆಯಲ್ಲಿ. ಈ ಮೇರಿ ಲಿನ್‌ವುಡ್ ಆ ಕಾಲದ ದೊಡ್ಡ ಹೆಸರು. ಪ್ರಸಿದ್ಧ ವರ್ಣಚಿತ್ರಗಳನ್ನ ಸೂಜಿ ದಾರದಲ್ಲಿ ಹಾಗೇ ಕಸೂತಿ ಹಾಕಿ, ಲಂಡನ್ನಿನಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ನಡೆಸಿದವರು. ಅಂದ್ರೆ ಕಲೆಯಿಂದ ಹೆಂಗಸು ದುಡೀಬಹುದು ಅನ್ನೋದಕ್ಕೆ ಫ್ಯಾನಿಗೆ ಶಾಲೆಯಲ್ಲೇ ಒಂದು ಉದಾಹರಣೆ ಇತ್ತು.

ಆದರೆ ಆ ಕಾಲದಲ್ಲಿ ಒಳ್ಳೆ ಮನೆತನದ ಹೆಣ್ಣುಮಕ್ಕಳಿಗೆ ಚಿತ್ರ ಕಲಿಸ್ತಿದ್ದದ್ದು ಹೊಟ್ಟೆಪಾಡಿಗಲ್ಲ. ಪಿಯಾನೊ, ಕಸೂತಿ, ವಾಟರ್ ಕಲರ್, ಇವೆಲ್ಲ ಮದುವೆ ಮಾರ್ಕೆಟ್ಟಿನ ಸರ್ಟಿಫಿಕೇಟ್ ಇದ್ದ ಹಾಗೆ. ಫ್ಯಾನಿಗೆ ಇಪ್ಪತ್ತರ ಹೊತ್ತಿಗೆ ಎಡ್ಮಂಡ್ ಸೀಮೋರ್ ಪಾಮರ್ ಜೊತೆ ಮದುವೆ ಆಯ್ತು. ಒಬ್ಬಳು ಮಗಳು, ಒಬ್ಬ ಮಗ. ಆಮೇಲೆ ಗೊತ್ತಾಗಿದ್ದು, ಗಂಡನ ಸಂಪಾದನೆಯನ್ನ ನೆಚ್ಚಿಕೊಂಡು ಕೂರೋ ಹಾಗಿಲ್ಲ ಅಂತ. ಕಾಲಕ್ಷೇಪಕ್ಕೆ ಕಲಿತ ಚಿತ್ರವೇ ಮನೆ ನಡೆಸೋ ಕಸುಬು ಆಯ್ತು. 1840ರ ದಶಕದ ಶುರುವಿನಲ್ಲಿ ಇಬ್ಬರೂ ಸೇರಿ ಲೆಸ್ಟರ್‌ನಲ್ಲಿ ಒಂದು ಲಿಥೋಗ್ರಫಿ ಪ್ರೆಸ್ ಹಾಕಿದರು. ಆಕೆ ಚಿತ್ರ ಬರೆಯೋದು, ಆತ ಅಚ್ಚು ಹಾಕೋದು.

ಈ ಲಿಥೋಗ್ರಫಿ ಅಂದ್ರೆ ಏನು? ನಮ್ಮ ಕಡೆ ಇದಕ್ಕೆ ಕಲ್ಲಚ್ಚು ಅಂತಾರೆ. ನುಣ್ಣಗೆ ತಿಕ್ಕಿದ ಸುಣ್ಣದ ಕಲ್ಲು ತಗೋಬೇಕು. ಅದರ ಮೇಲೆ ಜಿಡ್ಡು ಇರೋ ಕ್ರೆಯಾನ್‌ನಿಂದ ಚಿತ್ರ ಬರೀಬೇಕು. ಆಮೇಲೆ ಕಲ್ಲಿಗೆ ನೀರು ಸವರಿ, ಎಣ್ಣೆಯ ಶಾಯಿ ಹಚ್ಚಬೇಕು. ಎಣ್ಣೆ, ನೀರು ಸೇರಲ್ವಲ್ಲ, ಹಾಗಾಗಿ ಗೆರೆ ಇರೋ ಕಡೆ ಮಾತ್ರ ಶಾಯಿ ಹಿಡಿಯುತ್ತೆ. ಕಾಗದ ಇಟ್ಟು ಒತ್ತಿದ್ರೆ ಚಿತ್ರ ರೆಡಿ. ಒಂದೇ ಕಲ್ಲಿನಿಂದ ಸಾವಿರಾರು ಪ್ರತಿ ತೆಗೀಬಹುದು. ಕಷ್ಟ ಏನು ಗೊತ್ತಾ? ಅಚ್ಚಾದಾಗ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಅಂದ್ರೆ ಕಲ್ಲಿನ ಮೇಲೆ ಇಡೀ ದೃಶ್ಯವನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೀಬೇಕು. ತಪ್ಪಾದ್ರೆ ರಬ್ಬರ್ ಹಾಕಿ ಅಳಿಸೋ ಹಾಗಿಲ್ಲ. ಗಂಟೆಗಟ್ಟಲೆ ಕಲ್ಲಿನ ಮೇಲೆ ಬಗ್ಗಿಕೊಂಡೇ ಇರಬೇಕು.

1844ರ ಹೊತ್ತಿಗೆ ಇಡೀ ಸಂಸಾರ ನ್ಯೂಯಾರ್ಕ್‌ಗೆ ಬಂತು. ಆನ್ ಸ್ಟ್ರೀಟ್‌ನಲ್ಲಿ "ಎಫ್. ಅಂಡ್ ಎಸ್. ಪಾಮರ್" ಅಂತ ಬೋರ್ಡ್ ಹಾಕಿದರು. ಗಮನಿಸಿ, ಫ್ಯಾನಿಯ "ಎಫ್" ಮೊದಲು, ಗಂಡ ಸೀಮೋರ್ ಅವರ "ಎಸ್" ಆಮೇಲೆ. ಹಾಡಿನ ಪುಸ್ತಕಗಳ ಮುಖಪುಟ, ಮನೆ ಕಟ್ಟೋರಿಗೆ ಬೇಕಾದ ವಾಸ್ತುಶಿಲ್ಪದ ಚಿತ್ರ, ಊರಿನ ನೋಟ, ಹೀಗೆ ಬಂದ ಆರ್ಡರ್ ಎಲ್ಲಾ ಮಾಡಿದರು. ಕೆಲಸ ಚೆನ್ನಾಗಿತ್ತು, ವ್ಯಾಪಾರ ಕುದುರಲಿಲ್ಲ. ಕೆಲವೇ ವರ್ಷಕ್ಕೆ ಪ್ರೆಸ್ ಬಾಗಿಲು ಹಾಕಿತು.

ನಾನು ಬಿ.ಕಾಂ ಓದಿದವಳು. ಈ ಥರದ ಕಥೆ ಓದಿದಾಗ ನನ್ನ ತಲೆ ಮೊದಲು ಹೋಗೋದು ಬ್ಯಾಲೆನ್ಸ್ ಶೀಟ್ ಕಡೆಗೆ. ಫ್ಯಾನಿ ಹತ್ರ ಇದ್ದ ಆಸ್ತಿ ಎರಡೇ: ಒಂದು ಕೈ, ಒಂದು ಕಣ್ಣು. ಬಂಡವಾಳ ಇಲ್ಲ, ಅಂಗಡಿ ಇಲ್ಲ, ಏಜೆಂಟರ ಜಾಲ ಇಲ್ಲ. ಇವೆಲ್ಲ ಇದ್ದವರು ಇನ್ನೊಬ್ಬರಿದ್ದರು.

ಲೆಕ್ಕ ಬರೆಯೋರ ಹೆಸರು ಬೋರ್ಡಿನ ಮೇಲೆ

ಅವರೇ ನಥಾನಿಯಲ್ ಕರ್ರಿಯರ್. 1830ರ ದಶಕದಿಂದ ನ್ಯೂಯಾರ್ಕ್‌ನಲ್ಲಿ ಕಲ್ಲಚ್ಚಿನ ವ್ಯಾಪಾರ. 1840ರ ಜನವರಿಯಲ್ಲಿ ಲೆಕ್ಸಿಂಗ್ಟನ್ ಅನ್ನೋ ಸ್ಟೀಮರ್‌ಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ, ಆ ದೃಶ್ಯವನ್ನ ಬೇಗ ಅಚ್ಚು ಹಾಕಿ ಪತ್ರಿಕೆ ಜೊತೆ ಮಾರಿದವರು ಇವರೇ. ಫೋಟೋ ಪತ್ರಿಕೆಯಲ್ಲಿ ಬಾರದ ಕಾಲ ಅದು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವೈರಲ್ ಆಯ್ತು. ಅಲ್ಲಿಂದ ವ್ಯಾಪಾರ ತಿರುಗಿ ನೋಡಲಿಲ್ಲ.

1852ರಲ್ಲಿ ಈ ಕಂಪನಿಗೆ ಲೆಕ್ಕ ಬರೆಯೋಕೆ ಒಬ್ಬರು ಸೇರಿದರು: ಜೇಮ್ಸ್ ಮೆರಿಟ್ ಐವ್ಸ್. ಜನರಿಗೆ ಏನು ಬೇಕು, ಯಾವುದು ಓಡುತ್ತೆ ಅನ್ನೋದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರ ಬರೆಯೋ ಕೈಯೂ ಸ್ವಲ್ಪ ಇತ್ತು. 1857ರಲ್ಲಿ ಪಾಲುದಾರರಾದರು. ಕಂಪನಿ ಹೆಸರು "ಕರ್ರಿಯರ್ ಅಂಡ್ ಐವ್ಸ್" ಆಯ್ತು. ಕಾಮರ್ಸ್ ಓದಿದ ನನ್ನ ಗೆಳೆಯರೇ, ಖುಷಿಪಡಿ, ಅಕೌಂಟೆಂಟ್ ಹೆಸರು ಬೋರ್ಡಿನ ಮೇಲೆ ಬಂತು! ಆದರೆ ಆ ಬೋರ್ಡಿನ ಕೆಳಗೆ ಮಾರಾಟ ಆಗ್ತಿದ್ದ ಚಿತ್ರಗಳಲ್ಲಿ ಸುಮಾರು 200 ಬರೆದ ಫ್ಯಾನಿಯ ಹೆಸರು ಬರಲಿಲ್ಲ.

ಫ್ಯಾನಿ ಕರ್ರಿಯರ್‌ಗೆ ಚಿತ್ರ ಕೊಡೋಕೆ ಶುರು ಮಾಡಿದ್ದು 1849ರ ಹೊತ್ತಿಗೆ, ನ್ಯೂಯಾರ್ಕ್ ನಗರದ ನೋಟಗಳಿಂದ. ಸ್ವಂತ ಪ್ರೆಸ್ ಮುಚ್ಚಿದ ಮೇಲೆ ಅವರ ಕಾಯಂ ಕಲಾವಿದೆಯಾದರು. ಸಂಸಾರ ಬ್ರೂಕ್ಲಿನ್‌ಗೆ ಹೋಯ್ತು. 1853ರಲ್ಲಿ "ಅಮೆರಿಕನ್ ಫಾರ್ಮ್ ಸೀನ್ಸ್" ಅನ್ನೋ ನಾಲ್ಕು ಚಿತ್ರದ ಸರಣಿ ಬಂತು. ಹಳ್ಳಿಮನೆ, ದನಕರು, ಬಂಡಿ, ಹಿಮ. ಕೆಲಸ ಹುಡುಕಿ ಪಟ್ಟಣಕ್ಕೆ ಬಂದ ಜನಕ್ಕೆ ಬಿಟ್ಟುಬಂದ ಊರು ಕಣ್ಣಮುಂದೆ ಬಂದ ಹಾಗಾಯ್ತು. ಬೆಂಗಳೂರಿನ ಪಿಜಿ ರೂಮಲ್ಲಿ ಕೂತು ಊರಿನ ಮಳೆ ರೀಲ್ಸ್ ನೋಡ್ತೀವಲ್ಲ, ಆ ಥರ.

ಈಗ ಅಚ್ಚಾದ ಚಿತ್ರಕ್ಕೆ ಬಣ್ಣ ಯಾರು ಹಚ್ತಿದ್ರು? ಇಲ್ಲೂ ಹೆಂಗಸರೇ. ಉದ್ದನೆ ಮೇಜು, ಸುತ್ತ ಕೂತ ಹುಡುಗಿಯರು, ಎದುರಿಗೆ ಒಂದು ಮಾದರಿ ಚಿತ್ರ. ಒಬ್ಬಳು ಆಕಾಶಕ್ಕೆ ನೀಲಿ ಹಚ್ಚಿ ಪಕ್ಕಕ್ಕೆ ದಾಟಿಸ್ತಾಳೆ, ಇನ್ನೊಬ್ಬಳು ಹುಲ್ಲಿಗೆ ಹಸಿರು, ಮತ್ತೊಬ್ಬಳು ಮನೆ ಮಾಡಿಗೆ ಕೆಂಪು. ಪಕ್ಕಾ ಅಸೆಂಬ್ಲಿ ಲೈನ್. ಫೋರ್ಡ್ ಕಾರಿನ ಕಾರ್ಖಾನೆಗೆ ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಆ ಹುಡುಗಿಯರ ಹೆಸರು ಚಿತ್ರದ ಮೇಲೆ ಎಲ್ಲೂ ಇಲ್ಲ.

25 ಸೆಂಟ್, 25 ಸಾವಿರ ಡಾಲರ್

ಇಲ್ಲಿ ಸ್ವಲ್ಪ ದುಡ್ಡಿನ ಲೆಕ್ಕ ನೋಡೋಣ.

1859ರಲ್ಲಿ ಫ್ರೆಡರಿಕ್ ಚರ್ಚ್ ಅನ್ನೋ ಕಲಾವಿದ "ಹಾರ್ಟ್ ಆಫ್ ದಿ ಆಂಡೀಸ್" ಅನ್ನೋ ದೊಡ್ಡ ಭೂದೃಶ್ಯ ಚಿತ್ರವನ್ನ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಒಂದು ಸಲ ನೋಡೋಕೆ 25 ಸೆಂಟ್ ಟಿಕೆಟ್. 12 ಸಾವಿರಕ್ಕೂ ಹೆಚ್ಚು ಜನ ಕ್ಯೂ ನಿಂತು ನೋಡಿದರು. ಚಿತ್ರ 10 ಸಾವಿರ ಡಾಲರ್‌ಗೆ ಮಾರಾಟ ಆಯ್ತು. ಇನ್ನು ಆಲ್ಬರ್ಟ್ ಬಿಯರ್‌ಸ್ಟಾಟ್. ಅದೇ 1859ರಲ್ಲಿ ಸರ್ವೆ ತಂಡದ ಜೊತೆ ಪಶ್ಚಿಮಕ್ಕೆ ಹೋಗಿ, ರಾಕಿ ಪರ್ವತವನ್ನ ಕಣ್ಣಾರೆ ನೋಡಿ, ಸ್ಕೆಚ್ ಮಾಡಿಕೊಂಡು ಬಂದರು. 1863ರಲ್ಲಿ ಆತ ಮುಗಿಸಿದ "ದಿ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್" ಚಿತ್ರ ಎರಡು ವರ್ಷದ ಮೇಲೆ 25 ಸಾವಿರ ಡಾಲರ್‌ಗೆ ಹೋಯ್ತು.

ಕರ್ರಿಯರ್ ಅಂಡ್ ಐವ್ಸ್‌ನ ಸಣ್ಣ ಚಿತ್ರದ ಬೆಲೆ 20, 25 ಸೆಂಟ್. ದೊಡ್ಡದು ಒಂದರಿಂದ ಮೂರು ಡಾಲರ್ ಒಳಗೆ. ಅಂದ್ರೆ ಚರ್ಚ್ ಅವರ ಚಿತ್ರ ಒಂದು ಸಲ ನೋಡೋ ದುಡ್ಡಲ್ಲಿ ಒಂದು ಪುಟ್ಟ ಸೀನರಿ ಮನೆಗೇ ತಗೊಂಡು ಹೋಗಿ ಜೀವನಪೂರ್ತಿ ನೋಡಬಹುದು. ಬಡಗಿ, ರೈತ, ಟೀಚರ್, ಎಲ್ಲರ ಕೈಗೂ ಎಟುಕೋ ಕಲೆ. ಒಂದು ಚಿತ್ರವನ್ನ ಒಬ್ಬ ಶ್ರೀಮಂತ 25 ಸಾವಿರ ಕೊಟ್ಟು ಕೊಂಡ್ರೆ ಅದು "ಮಹಾನ್ ಕಲೆ". ಸಾವಿರಾರು ಜನ ಚಿಲ್ಲರೆ ಕೊಟ್ಟು ಕೊಂಡ್ರೆ ಅದು "ಅಗ್ಗದ ಪ್ರಿಂಟು". ಕಲಾವಿದರ ಹೆಸರು ಉಳಿಯೋದು, ಅಳಿಯೋದು ಎಷ್ಟು ಜನ ನೋಡಿದರು ಅನ್ನೋದರ ಮೇಲಲ್ಲ, ಯಾರು ಕೊಂಡರು ಅನ್ನೋದರ ಮೇಲೆ.

ಬಿಯರ್‌ಸ್ಟಾಟ್ ಕುದುರೆ ಏರಿ ಪಶ್ಚಿಮಕ್ಕೆ ಹೊರಟ ಆ 1859ರಲ್ಲೇ ಫ್ಯಾನಿಯ ಮನೆಯಲ್ಲಿ ಏನಾಯ್ತು ಗೊತ್ತಾ? ಕುಡಿತಕ್ಕೆ ಬಿದ್ದಿದ್ದ ಗಂಡ ಬ್ರೂಕ್ಲಿನ್‌ನ ಒಂದು ಹೋಟೆಲಿನ ಮೆಟ್ಟಿಲ ಮೇಲಿಂದ ಬಿದ್ದು ತೀರಿಕೊಂಡರು. ಆಗ ಫ್ಯಾನಿಗೆ 47. ಮನೆ ಮೊದಲಿಂದಲೂ ಆಕೆಯ ದುಡಿಮೆಯಲ್ಲೇ ನಡೀತಿತ್ತು, ಈಗ ಅದೊಂದೇ ದಾರಿ.

ನಮ್ಮಲ್ಲಿ ಎಷ್ಟೋ ಜನ "ನೋಡದೇ ಬರೆದದ್ದು, ಅದೇನು ಕಲೆ?" ಅಂತ ಕೇಳಬಹುದು. ನೋಡೋಕೆ ಹೋಗಬೇಕಾದ್ರೆ ಪುರುಸೊತ್ತು ಬೇಕು, ಖರ್ಚಿಗೆ ಬೇಕು, ಒಬ್ಬಂಟಿ ಹೆಂಗಸು ತಿಂಗಳುಗಟ್ಟಲೆ ಕಾಡುಮೇಡು ತಿರುಗಿದ್ರೆ ಒಪ್ಪೋ ಸಮಾಜ ಬೇಕು. ಫ್ಯಾನಿಗೆ ಇದ್ದದ್ದು ಬ್ರೂಕ್ಲಿನ್‌ನ ಮನೆ, ಕಲ್ಲು, ಕ್ರೆಯಾನ್, ಬೇರೆಯವರು ಮಾಡಿದ ಸ್ಕೆಚ್ಚು. ಅಷ್ಟರಲ್ಲೇ 1860ರಲ್ಲಿ "ಎ ಮಿಡ್‌ನೈಟ್ ರೇಸ್ ಆನ್ ದಿ ಮಿಸಿಸಿಪಿ" ಬಂತು. ಕತ್ತಲ ನದಿ, ಮೋಡದ ಮಧ್ಯೆ ಚಂದ್ರ, ಚಿಮಣಿಯಿಂದ ಕಿಡಿ ಹಾರಿಸ್ತಾ ನುಗ್ಗೋ ಸ್ಟೀಮರ್‌ಗಳು. 1864ರಲ್ಲಿ "ಅಮೆರಿಕನ್ ಎಕ್ಸ್‌ಪ್ರೆಸ್ ಟ್ರೈನ್". 1866ರಲ್ಲಿ ರಾಕಿ ಪರ್ವತದ ಕೆಳಗೆ ಸಾಗೋ ವಲಸಿಗರ ಬಂಡಿಗಳು. ಸ್ವತಃ ಹಡಗು ಹತ್ತಿ ಊರು ಬಿಟ್ಟು ಬಂದವರು ಆಕೆ. ಬಂಡಿಯಲ್ಲಿ ಕೂತ ಆ ಜನರ ಭಯ, ಆಸೆ ಗೊತ್ತಿರೋಕೆ ಬೆಟ್ಟ ನೋಡಿರಲೇಬೇಕು ಅಂತ ನನಗೆ ಅನಿಸಲ್ಲ.

ಹೊಗೆಯ ಆ ಕಡೆ ನಿಂತ ಇಬ್ಬರು

ಇಲ್ಲಿಗೇ ನಿಲ್ಲಿಸಿದ್ರೆ ಇದು "ಮರೆತುಹೋದ ಮಹಾನ್ ಮಹಿಳೆ" ಅನ್ನೋ ಚೆಂದದ ಕಥೆ ಆಗುತ್ತೆ. ಆದರೆ ಇನ್ನೊಂದು ಚಿತ್ರ ಇದೆ. ಆಕೆಯ ಎಲ್ಲಕ್ಕಿಂತ ಪ್ರಸಿದ್ಧ ಚಿತ್ರ. ಅದನ್ನ ಹೇಳದೇ ಹೋದ್ರೆ ನಾನು ನಿಮಗೆ ಅರ್ಧ ಕಥೆ ಹೇಳಿದ ಹಾಗೆ.

1868ರ "ಅಕ್ರಾಸ್ ದಿ ಕಾಂಟಿನೆಂಟ್". ಫೋನಲ್ಲಿ ಹುಡುಕಿ, ತಕ್ಷಣ ಸಿಗುತ್ತೆ. ಚಿತ್ರದ ಮಧ್ಯೆ ಕೋಲು ಇಟ್ಟ ಹಾಗೆ ನೇರ ರೈಲು ಹಳಿ. ರೈಲು ಬರ್ತಾ ಇದೆ. ಬೋಗಿ ಮೇಲೆ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಂತ ಬರೆದಿದೆ. ತಮಾಷೆ ಏನಂದ್ರೆ 1868ರಲ್ಲಿ ಆ ಮಾರ್ಗ ಇನ್ನೂ ಪೂರ್ತಿ ಆಗಿರಲಿಲ್ಲ. ಪೂರ್ವದ ಹಳಿ, ಪಶ್ಚಿಮದ ಹಳಿ ಸೇರಿದ್ದು 1869ರ ಮೇ 10ರಂದು. ಅಂದ್ರೆ ಈ ಚಿತ್ರ ಆಗಿರೋದನ್ನ ತೋರಿಸ್ತಿಲ್ಲ, ಆಗಬೇಕಾದ್ದನ್ನ ಮಾರ್ತಾ ಇದೆ. ಬಿಲ್ಡರ್‌ಗಳು ಅಪಾರ್ಟ್‌ಮೆಂಟ್ ಕಟ್ಟೋ ಮೊದಲೇ ಬ್ರೋಶರ್‌ನಲ್ಲಿ ಈಜುಕೊಳ, ಗಾರ್ಡನ್ ತೋರಿಸ್ತಾರಲ್ಲ, ಹಾಗೆ.

ಹಳಿಯ ಎಡಕ್ಕೆ ಹೊಸ ಊರು. ಮರದ ಮನೆಗಳು, ಮರ ಕಡಿಯೋ ಜನ, ಶಾಲೆಗೆ ಬಂದ ಮಕ್ಕಳು, ಹೊರಟ ಬಂಡಿಗಳು. ಬಲಕ್ಕೆ ಖಾಲಿ ಬಯಲು, ನದಿ, ದೂರದ ಬೆಟ್ಟ. ಆ ಬಲಗಡೆ ಕುದುರೆ ಮೇಲೆ ಇಬ್ಬರು ಮೂಲನಿವಾಸಿಗಳು ನಿಂತಿದ್ದಾರೆ. ರೈಲಿನ ಕಪ್ಪು ಹೊಗೆ ಸೀದಾ ಅವರ ಕಡೆಗೇ ಹೋಗ್ತಿದೆ. ಅವರಿಗೆ ಆ ಕಡೆ ದಾರಿ ಕಾಣ್ತಿಲ್ಲ.

ಈ ಚಿತ್ರ ಎಷ್ಟೋ ಜನಕ್ಕೆ ಪ್ರಗತಿಯ ಸಂಭ್ರಮ ಆಗಿತ್ತು. ಬಯಲು ಖಾಲಿ ಇದೆ, ಬಂದು ತಗೊಳ್ಳಿ, ಶಾಲೆ ಕಟ್ಟಿ, ಹಳಿ ಹಾಕಿ. 1862ರ ಹೋಮ್‌ಸ್ಟೆಡ್ ಕಾಯ್ದೆ ವಲಸಿಗರಿಗೆ ತಲಾ 160 ಎಕರೆ ಜಮೀನು ಕೊಡ್ತಾ ಇದ್ದ ಕಾಲ. ಆದರೆ ಬಯಲು ಖಾಲಿ ಇರಲಿಲ್ಲ. ಅಲ್ಲಿ ಜನ ಇದ್ದರು. ಅವರನ್ನ ಓಡಿಸಿ, ಕೊಂದು, ಕೂಡಿಹಾಕಿ ಆ ಜಾಗ "ಖಾಲಿ" ಆಯ್ತು. ಗೋಡೆ ಮೇಲಿನ ಚೆಂದದ ಸೀನರಿ ಇದನ್ನ ಸಹಜ ಅನ್ನೋ ಹಾಗೆ ಮಾಡಿತು.

ಹಾಗಾದ್ರೆ ತಪ್ಪು ಯಾರದು? ಈ ಚಿತ್ರಕ್ಕೆ ಫ್ಯಾನಿ ಜೊತೆ ಐವ್ಸ್ ಹೆಸರೂ ಇದೆ. ಏನು ಬರೀಬೇಕು, ಯಾವುದು ಮಾರಾಟ ಆಗುತ್ತೆ ಅನ್ನೋದು ಕಂಪನಿಯ ತೀರ್ಮಾನ. ಆದರೆ ಕೈ ಆಕೆಯದೇ. ಹಾಗಂತ ಆಕೆಯನ್ನ ಪೂರ್ತಿ ಬಿಟ್ಟುಬಿಡೋಕೂ ನನಗೆ ಮನಸ್ಸಿಲ್ಲ, ಎಲ್ಲಾ ಆಕೆ ತಲೆಗೇ ಕಟ್ಟೋಕೂ ಆಗಲ್ಲ. ಒಬ್ಬರ ಪ್ರತಿಭೆಗೆ ಪೂರ್ತಿ ಗೌರವ ಕೊಡ್ತಾನೇ, ಆ ಪ್ರತಿಭೆ ಯಾರ ಕೆಲಸಕ್ಕೆ ಬಂತು ಅಂತಾನೂ ಕೇಳಬಹುದು. ಎರಡೂ ಒಟ್ಟಿಗೆ ಮಾಡೋಕೆ ಸಾಧ್ಯ.

ಕೆಳಗಿನ ಸಣ್ಣ ಅಕ್ಷರ

1868ರ ಆಸುಪಾಸಿನಲ್ಲಿ ಫ್ಯಾನಿಯ ಕೆಲಸ ನಿಂತಿತು. 1876ರ ಆಗಸ್ಟ್‌ನಲ್ಲಿ, 64ನೇ ವಯಸ್ಸಿನಲ್ಲಿ, ಕ್ಷಯರೋಗದಿಂದ ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಕಲ್ಲಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು ಅನ್ನೋದು ಆಕೆಯ ಬಗ್ಗೆ ಉಳಿದುಬಂದ ಮಾತು. ಕಂಪನಿ 1907ರವರೆಗೆ ನಡೀತು. ಒಟ್ಟು 7 ಸಾವಿರಕ್ಕೂ ಹೆಚ್ಚು ಬೇರೆ ಬೇರೆ ಚಿತ್ರ ಹೊರತಂದಿತು. ಇವತ್ತು ಅಮೆರಿಕದಲ್ಲಿ ಕ್ರಿಸ್‌ಮಸ್ ಕಾರ್ಡಿನಂಥ ಹಿಮದ ದೃಶ್ಯ ಕಂಡ್ರೆ ಜನ ನೆನಪು ಮಾಡ್ಕೊಳ್ಳೋದು ಕರ್ರಿಯರ್ ಅಂಡ್ ಐವ್ಸ್ ಅಂತ.

ಆ ಹಳೆ ಪ್ರಿಂಟುಗಳ ಕೆಳಗೆ ಒಂದು ಸಣ್ಣ ಸಾಲು ಇರುತ್ತೆ: ಇದರ ಹಕ್ಕನ್ನ ಇಂಥ ವರ್ಷ ಕರ್ರಿಯರ್ ಅಂಡ್ ಐವ್ಸ್ ಹೆಸರಲ್ಲಿ ನೋಂದಾಯಿಸಲಾಗಿದೆ, ಅಂತ. ಕಾಪಿರೈಟ್ ಕಂಪನಿಯದು. ಕಲಾವಿದರು ಚಿತ್ರ ಕೊಟ್ಟರು, ಕೂಲಿ ತಗೊಂಡರು, ಅಲ್ಲಿಗೆ ಮುಗೀತು. ನೂರು ಪ್ರತಿ ಮಾರಿದರೂ ಅಷ್ಟೇ, ಹತ್ತು ಸಾವಿರ ಮಾರಿದರೂ ಅಷ್ಟೇ. "ಎಫ್. ಎಫ್." ಅನ್ನೋ ಎರಡು ಅಕ್ಷರ ನೋಡಿದ ಗ್ರಾಹಕರಿಗೆ ಇದು ಹೆಂಗಸಿನ ಕೆಲಸ ಅಂತ ತಿಳಿಯೋ ದಾರಿಯೇ ಇರಲಿಲ್ಲ.

ಈ ಭಾಗ ಓದುವಾಗ ನನಗೆ ನನ್ನದೇ ಒಂದು ವಿಷಯ ನೆನಪಾಯ್ತು. ಪಾಡ್‌ಕಾಸ್ಟ್ ಶುರು ಮಾಡೋ ಮೊದಲು ನಾನು ಒಂದು ಕಡೆ ವಿಡಿಯೊಗಳಿಗೆ ಸ್ಕ್ರಿಪ್ಟ್ ಬರೀತಿದ್ದೆ. ಒಂದು ವಿಡಿಯೊ ಲಕ್ಷಗಟ್ಟಲೆ ಜನ ನೋಡಿದರು. ನಮ್ಮ ಸೋದರಮಾವ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ನನಗೇ ಕಳಿಸಿ, "ನೋಡಮ್ಮ, ಹೀಗೆ ಬರೆಯೋದು ಕಲಿ" ಅಂದ್ರು. "ಮಾಮ, ಇದು ನಾನೇ ಬರೆದದ್ದು" ಅಂದ್ರೆ ನಂಬಲಿಲ್ಲ. ಹೆಸರು ಎಲ್ಲಿದೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ. ಸಹಿ ಹಾಕುವಾಗ ಕಾಂಟ್ರಾಕ್ಟ್‌ನ ಎರಡನೇ ಪುಟ ಓದಿರಲಿಲ್ಲ.

ಫ್ಯಾನಿಯನ್ನ ಹುಡುಕಿ ತೆಗೆದದ್ದು ಹೇಗೆ? 1920ರ ದಶಕದಲ್ಲಿ ಹ್ಯಾರಿ ಪೀಟರ್ಸ್ ಅನ್ನೋ ಸಂಗ್ರಾಹಕ ಈ ಪ್ರಿಂಟುಗಳನ್ನ ಒಟ್ಟುಮಾಡ್ತಾ, ಕಂಪನಿಯ ಹಳಬರನ್ನ ವಿಚಾರಿಸ್ತಾ ಹೋದಾಗ ಆಕೆಯ ಕಥೆ ಹೊರಬಂತು. ಆಮೇಲೆ ಕಲಾ ಇತಿಹಾಸಕಾರ್ತಿ ಷಾರ್ಲಟ್ ಸ್ಟ್ರೈಫರ್ ರೂಬಿನ್‌ಸ್ಟೈನ್ ಆಕೆಯ ಬಗ್ಗೆಯೇ ಪೂರ್ತಿ ಪುಸ್ತಕ ಬರೆದರು, ಅದು ಬಂದದ್ದು 2018ರಲ್ಲಿ. ಸತ್ತು 142 ವರ್ಷ ಆದ ಮೇಲೆ. ಇವತ್ತು ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಆಕೆಯ ಚಿತ್ರಗಳಿವೆ, ಪೂರ್ತಿ ಹೆಸರಿನ ಜೊತೆ.

ನಮ್ಮ ಮನೆಗಳಿಗೂ ಇದೇ ಕಲ್ಲಚ್ಚು ಬಂತು. 1894ರಲ್ಲಿ ರಾಜಾ ರವಿವರ್ಮ ಮುಂಬೈನಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿ ದೇವರಮನೆ ಗೋಡೆಗೆ ಬಂದರು. ಅಲ್ಲಿ ಕಲಾವಿದನ ಹೆಸರೇ ಬ್ರ್ಯಾಂಡ್ ಆಯ್ತು. ಯಾಕಂದ್ರೆ ಪ್ರೆಸ್ ಶುರು ಮಾಡಿದ್ದು ಅವರೇ. ಅಚ್ಚಿನ ವಿಧಾನ ಒಂದೇ, ಬೋರ್ಡ್ ಯಾರದು ಅನ್ನೋದಷ್ಟೇ ಬೇರೆ.

ಈ ಎಪಿಸೋಡ್ ಮುಗಿದ ಮೇಲೆ "ಅಕ್ರಾಸ್ ದಿ ಕಾಂಟಿನೆಂಟ್" ತೆಗೆದು ಸ್ವಲ್ಪ ಝೂಮ್ ಮಾಡಿ. ಮೊದಲು ಬಲಗಡೆ, ಹೊಗೆಯ ಹತ್ರ ನಿಂತ ಆ ಇಬ್ಬರನ್ನ ನೋಡಿ. ಆಮೇಲೆ ಕೆಳಗೆ ಬನ್ನಿ, ಸಣ್ಣ ಅಕ್ಷರದಲ್ಲಿ ಎಫ್. ಎಫ್. ಪಾಮರ್ ಅಂತ ಕಾಣುತ್ತೆ. ನಿಮ್ಮ ಮನೆ ಕ್ಯಾಲೆಂಡರ್‌ನಲ್ಲೂ ಒಂದು ಸಲ ಚಿತ್ರದ ಮೂಲೆ ನೋಡಿ, ಬರೆದವರ ಹೆಸರು ಇದೆಯಾ ಅಂತ. ಇದ್ರೆ ನನಗೆ ಫೋಟೋ ಕಳಿಸಿ. ಇಲ್ಲದೇ ಇದ್ರೂ ಕಳಿಸಿ.